ಅಪ್ಪಯ್ಯಣ್ಣನ ಮೂಗು, ಕೆಂದಿಯ ಗೊರಸು

ದೊಡ್ಡಬಳ್ಳಾಪುರ ಸೀಮೆಯ ಮಧುರೆ ಕಡೆಯ ನಮ್ಮೂರಿನಲ್ಲಿ ಅಪ್ಪಯ್ಯಣ್ಣನ ಮೂಗು ಮೊದಲು ಬರುತ್ತಿತ್ತು, ಅಪ್ಪಯ್ಯಣ್ಣ ಆಮೇಲೆ ಬರುತ್ತಿದ್ದ. ಮಳೆ ಹಿಡಿದಾಗ ಕೋಳಿಗಳು ಆ ಮೂಗಿನ ಅಡಿಯಲ್ಲಿ ನಿಂತು ರೆಕ್ಕೆ ಒಣಗಿಸಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ಯಾರ ಹಸು ಕುಂಟಿದರೂ ಅವನಿಗೇ ಕರೆ. ಕಾಲೆತ್ತಿ ನೋಡುವುದು ಸಾಮಾನ್ಯರ ಕೆಲಸ ಎಂದು ಅವನ ನಂಬಿಕೆ. ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಮೂಸುತ್ತಿದ್ದ. ನಾತ ಹೊಡೆದರೆ ಗೊರಸಿನ ಸಂದು ಕೊಳೆತಿದೆ, ಮೈಲುತುತ್ತ ಹಚ್ಚಬೇಕು. ನಾತವಿಲ್ಲದಿದ್ದರೆ ಭುಜ ಉಳುಕಿದೆ, ಕಾದ ಕಬ್ಬಿಣದಿಂದ ಬರೆ ಎಳೆಯಬೇಕು. ದೊಡ್ಡಬಳ್ಳಾಪುರದ ಸಂತೆಯಲ್ಲಿ ಕುಂಟುತ್ತಿದ್ದ ಎತ್ತಿನ ರೋಗವನ್ನು ತನ್ನ ಜಗಲಿಯಿಂದಲೇ ಮೂಸಿ ಹೇಳಿದನೆಂದು ಪ್ರತೀತಿ. ಅದನ್ನು ಹಬ್ಬಿಸಿದವನೂ ಅವನೇ.

ಕಾಣಿಕೆ ಎಂದರೆ ನಶ್ಯ. ಎರಡನೇ ಮಹಾಯುದ್ಧದ ಆ ಕಾಲದಲ್ಲಿ ಸೀಮೆಎಣ್ಣೆಗೆ ಬರ, ಬಟ್ಟೆಗೆ ಬರ, ಅಪ್ಪಯ್ಯಣ್ಣನ ನಶ್ಯಕ್ಕೆ ಮಾತ್ರ ಸುಭಿಕ್ಷ. ಏರಿಸಿ ಏರಿಸಿ ಮೂಗಿನೊಳಗೆ ಕೋಟೆಯಂಥ ಗೋಡೆ ಎದ್ದಿತು. ಸಾರು ಸೀದು ಕರಕಾದರೂ ತಿಳಿಯದು. ಹೆಂಡತಿ ಅಮ್ಮಯಮ್ಮ ಇದನ್ನು ಬಲ್ಲಳು; ಅವನು ಒಪ್ಪಬೇಕಲ್ಲ.

ಒಂದು ಶ್ರಾವಣದಲ್ಲಿ ಜಡಿಮಳೆ ಹಿಡಿದು ಕೊಟ್ಟಿಗೆಯೆಲ್ಲ ಗಂಜಲದ ಕೆಸರಾಯಿತು. ಮಗಳು ಭಾಗ್ಯಮ್ಮ ಬಾಣಂತಿಯಾಗಿ ತವರಿನಲ್ಲಿದ್ದಳು. ಎದೆಹಾಲು ಸಾಲದೆ ಕೂಸು ಮನೆಯ ಹಸು ಕೆಂದಿಯನ್ನೇ ನಂಬಿತ್ತು. ಅಂಥ ಹೊತ್ತಿನಲ್ಲಿ ಕೆಂದಿ ಕುಂಟಿತು, ಮೇವು ಬಿಟ್ಟಿತು. ತಂಬಿಗೆ ತುಂಬುತ್ತಿದ್ದ ಹಾಲು ಲೋಟಕ್ಕಿಳಿಯಿತು. ಹಸಿದ ಕೂಸಿನ ಅಳುವಿಗೆ ದೇವನಹಳ್ಳಿ ಕೋಟೆಯ ಪಾರಿವಾಳಗಳು ಗುಳೆ ಹೊರಟವು.

ಹಸುವನ್ನು ಹಿಡಿಯಲು ಪಕ್ಕದ ಮನೆಯ ಬೈರಣ್ಣ ಬಂದ. ಅಪ್ಪಯ್ಯಣ್ಣ ಗಂಭೀರವಾಗಿ ಮೂಸಿದ.

"ಗೊರಸು ಗಂಧದ ಕೊರಡಿನಂಗದೆ. ಭುಜ ಕಣ್ಲಾ ಬೈರಾ, ಬರೆ ಎಳೆದ್ಬಿಡಾನ."

ಬೈರಣ್ಣ ಆಗಲೇ ಪಂಚೆಯ ತುದಿಯನ್ನು ಮೂಗಿಗೆ ಒತ್ತಿಕೊಂಡಿದ್ದ. ಆದರೆ ಊರಿಗೇ ಹೆಸರಾದ ಮೂಗಿಗೆ ತನ್ನ ಮೂಗು ಎದುರಾಡುವುದುಂಟೇ? ವಾಂತಿ ತಡೆದುಕೊಂಡು ಹೂಂಗುಟ್ಟಿದ.

ಕಬ್ಬಿಣ ಕೆಂಪಾಯಿತು. ಬರೆ ಬಿದ್ದರೆ ಆ ಲೋಟ ಹಾಲೂ ಬತ್ತುತ್ತದೆಂದು ಅಮ್ಮಯಮ್ಮನಿಗೆ ಗೊತ್ತು. ತುಂಬಿದ ಕೊಡ ತಂದು ಬೆಂಕಿಗೆ ಸುರಿದಳು.

"ಬೈರಣ್ಣಾ, ಕಾಲೆತ್ತು."

"ನಾನ್ ಮೂಸಿದ್ದಾಯ್ತಲ್ಲೇ," ಎಂದ ಅಪ್ಪಯ್ಯಣ್ಣ.

"ನಿನ್ ಮೂಗಿನಾಗೆ ಕಾಗೆ ಸತ್ತು ಬಿದ್ರೂ ನಿಂಗೆ ತಿಳಿಯಾಕಿಲ್ಲ. ಕೂಸಿಗೆ ಹಾಲು ಬೇಕು. ನೀನು ಎತ್ತು ಬೈರಣ್ಣ."

ಎತ್ತಿದ. ಗೊರಸಿನ ಸಂದು ಬಾತು ಬಿರಿದು, ಬಿಳಿಚಿದ ಮಾಂಸ ಜೋತಿತ್ತು. ಆ ನಾತಕ್ಕೆ ಸೂರಿನ ಹೆಂಚುಗಳು ಜಾರಿದವು. ಬೈರಣ್ಣ ಓಡಿದವನು ನೆಲಮಂಗಲದಲ್ಲಿ ನಿಂತನಂತೆ. ಅಮ್ಮಯಮ್ಮ ಹಸುವಿನ ಬಾಯಿ ಬಿಡಿಸಿ ನೋಡಿದಳು, ಬೊಬ್ಬೆಗಳಿರಲಿಲ್ಲ. ಕಾಲುಬಾಯಿ ಜ್ವರವಲ್ಲ ಎಂದು ನೆಮ್ಮದಿಯ ಉಸಿರು ಬಿಟ್ಟಳು.

ಅಪ್ಪಯ್ಯಣ್ಣ ತನ್ನ ಮೂಗನ್ನೊಮ್ಮೆ ಮುಟ್ಟಿ ನೋಡಿಕೊಂಡ, ಇದೆಯೋ ಇಲ್ಲವೋ ಎಂಬಂತೆ. ಕೆಳಗೆ ಕೂತು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಗೊರಸು ತೊಳೆದ. ಕೊಳೆತದ್ದನ್ನು ಬಿಡಿಸಿ, ಮೈಲುತುತ್ತವನ್ನು ಬೇವಿನೆಣ್ಣೆಯಲ್ಲಿ ಕಲಸಿ ತುಂಬಿ, ಬಟ್ಟೆ ಸುತ್ತಿದ. ಮದ್ದು ಮಾತ್ರ ಅವನಿಗೆ ಚೆನ್ನಾಗಿ ಬರುತ್ತಿತ್ತು. ಹಸುವನ್ನು ಕೆಸರಿನಿಂದ ಎಬ್ಬಿಸಿ, ತಾನು ಮಲಗುತ್ತಿದ್ದ ಒಣ ಜಗಲಿಗೆ ಬೂದಿ ಹರಡಿ ಅಲ್ಲಿ ಕಟ್ಟಿದ. ತಾನು ಹೋಗಿ ಕೊಟ್ಟಿಗೆಯಲ್ಲಿ ಮಲಗಿದ. ನಾತ ಹೇಗೂ ಅವನಿಗಿಲ್ಲ.

ಕೆಂದಿ ಕಾಲೂರಿತು, ತಂಬಿಗೆ ತುಂಬಿತು, ಕೂಸು ಬಾಯಿ ಮುಚ್ಚಿತು.

ಆಮೇಲೆ ಜನ ಅಮ್ಮಯಮ್ಮನನ್ನೇ ಕರೆಯತೊಡಗಿದರು. ಅಪ್ಪಯ್ಯಣ್ಣ ಜೊತೆಗೆ ಹೋಗಿ ಕಾಲೆತ್ತಿ ಹಿಡಿಯುತ್ತಿದ್ದ, ಒದೆ ತಿನ್ನುತ್ತಿದ್ದ. ಕಾಣಿಕೆಯ ನಶ್ಯವನ್ನು ಅವಳು ನೇರ ತಿಪ್ಪೆಗೆ ಸುರಿಯುತ್ತಿದ್ದಳು. ನಮ್ಮೂರಿನ ತಿಪ್ಪೆ ಇವತ್ತಿಗೂ ಒಂದೊಂದು ಬೆಳಗ್ಗೆ ಸೀನುತ್ತದೆ.