ಫರಸಿಯ ಮೇಲಿನ ತತ್ತಿ ಸಿಪ್ಪೆ

ಒದ್ದೆಯಾದ ಗೋಣಿಚೀಲಕ್ಕೆ ಅದರದೇ ಒಂದು ವಾಸನೆ ಇರುತ್ತದೆ. ಸೆಣಬು, ಹಳೆಯ ಜೋಳದ ಧೂಳು, ಅದರ ಮೇಲೆ ನಾಯಿಮರಿಯ ಉಚ್ಚೆ, ಅದರ ಮೇಲೆ ನಾನು ಸುರಿದ ಫಿನಾಯಿಲು... ನಿನ್ನೆ ಬೆಳಿಗ್ಗೆ ಮೂರನೆಯ ಸಲ ಚೀಲ ಹಿಂಡಿ ಹಿತ್ತಲ ಗೋಡೆಗೆ ಹಾಕುವಾಗ ಆ ವಾಸನೆ ಮೂಗಿಗೆ ಬಂತು. ಗೋಡೆ ಹಿಡಿದು ನಿಂತುಬಿಟ್ಟೆ. ಸೊಂಟ ನೋಯುತ್ತಿತ್ತು, ಅದಕ್ಕೂ ನಿಂತೆ ಎನ್ನಿ. ಆದರೆ ಗೋಡೆಯ ಆಚೆಗೆ ನೋಡಿದ್ದು ಮಾತ್ರ ಹಿಂದಿನ ಓಣಿಯ ಕಾಕು ಇದ್ದಾರೇನೋ ಎಂದು.

ಮರಿ ನನ್ನ ಮಗಳದ್ದು. ಅವಳು ಕಲಬುರಗಿಯಲ್ಲಿ ಬಿ.ಎಡ್. ಓದುತ್ತಾಳೆ. ಹಾಸ್ಟೆಲ್ಲಿನ ಗೇಟಿನ ಹತ್ತಿರ ಸಿಕ್ಕಿತಂತೆ. ಪರೀಕ್ಷೆ ಮುಗಿಯುವವರೆಗೆ ಇಟ್ಟುಕೋ ಮಮ್ಮಿ ಎಂದು ಶಹಾಬಾದಿಗೆ ತಂದು ಬಿಟ್ಟು, ಅದೇ ಸಂಜೆಯ ಗಾಡಿಗೆ ಹೋದಳು. ಹನ್ನೆರಡು ದಿನವಾಯಿತು. ಎರಡು ಜೋಡಿ ಚಪ್ಪಲಿ, ಮಿಕ್ಸರಿನ ವೈರು, ನನ್ನ ಕನ್ನಡಕದ ಒಂದು ಕಾಲು ಹೋಗಿವೆ. ಒರೆಸಿ ಎದ್ದು ನಿಲ್ಲುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಕೂತಿರುತ್ತದೆ. ಬೈದರೆ ಬಾಲ ಅಲ್ಲಾಡಿಸುತ್ತದೆ. ನನಗೆ ಬೈಯುವುದಕ್ಕೂ ಈಗ ಶಕ್ತಿಯಿಲ್ಲ.

ನಮ್ಮೂರಿನ ಎಲ್ಲ ಮನೆಗಳಂತೆ ನಮ್ಮದೂ ಫರಸಿ ನೆಲ. ಮಿರುಗುವ ಹಾಗೆ ತಿಕ್ಕಿದ ಬೂದು ಕಲ್ಲು. ಅದರ ಮೇಲೆ ಈ ಮರಿಯ ಹಿಂಗಾಲು ಎರಡೂ ಎರಡು ಕಡೆಗೆ ಜಾರುವುದನ್ನು ಕಂಡ ಕೂಡಲೇ ನಾನು ಚೀಲ ಹುಡುಕಲು ಎದ್ದಿದ್ದೆ. ಅದು ಪುಸ್ತಕದಿಂದ ಕಲಿತದ್ದಲ್ಲ, ಹಿಂದೆ ಇದೇ ಮನೆಗೆ ಬಂದ ಇನ್ನೊಂದು ಮರಿಯಿಂದ ಕಲಿತದ್ದು.

ಆಗ ಮಗಳಿಗೆ ನಾಲ್ಕು ವರ್ಷ. ಯಜಮಾನರಿಗೆ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟು. ಮನೆಯಲ್ಲಿ ಅತ್ತೆ, ನಾನು, ಮಗಳು. ಒಂದು ಮಳೆಗಾಲದ ಬೆಳಿಗ್ಗೆ ಮಗಳು ಚರಂಡಿಯ ಪಕ್ಕದಿಂದ ಒಂದು ಕೆಂಚು ಮರಿಯನ್ನು ಫ್ರಾಕಿನಲ್ಲಿ ಸುತ್ತಿಕೊಂಡು ಬಂದಳು. ಅತ್ತೆ ಬೇಡ ಎನ್ನಲಿಲ್ಲ. ಮೊಮ್ಮಗಳ ಮುಖ ನೋಡಿ ಅವರಿಗೆ ಬೇಡ ಎನ್ನಲು ಬರುತ್ತಿರಲಿಲ್ಲ. ಎರಡೇ ಕಟ್ಟಳೆ ಹಾಕಿದರು: ಅಡಿಗೆಮನೆಯ ಹೊಸ್ತಿಲು ದಾಟಬಾರದು, ಮತ್ತೆ ಮಾಂಸ ತತ್ತಿ ಮುಟ್ಟಿದ ದಿನ ಅದು ಈ ಬಾಗಿಲೊಳಗೆ ಇರಬಾರದು. ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿಕೊಳ್ಳುವವರು ಅವರು. ಅಷ್ಟು ಕೇಳಿದ್ದು ಹೆಚ್ಚೆಂದು ನನಗೂ ಅನಿಸಲಿಲ್ಲ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಯಾವ ಕೆಲಸಕ್ಕೂ ಮೊದಲು ಒಂದು ಹಾಳೆಯ ಮೇಲೆ ಗೆರೆ ಎಳೆಯುವುದು ಸಿಸ್ಟರ್‌ಗಳು ಕಲಿಸಿದ ಅಭ್ಯಾಸ. ಮರಿಗೂ ಒಂದು ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಆರಕ್ಕೆ ಹಾಲು, ಆರೂವರೆಗೆ ಹಿತ್ತಲು, ಒಂಬತ್ತಕ್ಕೆ ಹಾಲು... ನಾಲ್ಕನೇ ದಿನಕ್ಕೆ ಮರಿಗೆ ಹೊಟ್ಟೆ ಕೆಟ್ಟಿತು. ನೆಲ ಒರೆಸುವುದು, ಬಟ್ಟೆ ಒಗೆಯುವುದು, ಫಿನಾಯಿಲು, ಮತ್ತೆ ಒರೆಸುವುದು. ಅದರ ಕೂಗಿಗೆ ಮಗಳೂ ಎದ್ದು ಅಳುತ್ತಿದ್ದಳು. ನಾನು ಒಲೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದೆ.

ಕಾಕು ಬಂದದ್ದು ಆಗ. ಓಣಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಹಾಗೆ ನೋಡಿದರೆ ಅವರು ದಿನವೂ ಬರುತ್ತಿದ್ದವರೇ. ಅವರದು ಕಾಗಿಣಾ ಹೊಳೆದಂಡೆಯ ಮನೆತನ, ಹಿರಿಯರು ದೋಣಿ ಹಾಕುತ್ತಿದ್ದರಂತೆ. ಇವರು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದಿನಗೂಲಿ. ಕೆಲಸ ಬಿಟ್ಟು ಬರುವಾಗ ಮೊಣಕೈವರೆಗೆ ಬೂದು ಕೆಸರು ಒಣಗಿರುತ್ತಿತ್ತು. ತೊಳೆದುಕೊಂಡು, ಹೊಳೆದಂಡೆಯ ಪುಂಡಿಪಲ್ಯವೆಂಬ ಹುಳಿ ಸೊಪ್ಪಿನ ಒಂದು ಸಿವುಡು ಹಿಡಿದು ನಮ್ಮ ಹಿತ್ತಲಿಗೆ ಬರುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ, ಅವರನ್ನು ಅಕ್ಕಾ ಎಂದು ಕರೆಯುವ ಕಾಕು ಒಂದು ಮೆಟ್ಟಿಲು ಕೆಳಗೆ. ಇಬ್ಬರೂ ಎಲೆ ಬಿಡಿಸಿ ಪಲ್ಯ ಸೋಸುತ್ತ ಊರಿನ ಮಾತೆಲ್ಲ ಆಡುತ್ತಿದ್ದರು. ಚಹಾ ಕುಡಿದ ಸ್ಟೀಲಿನ ಲೋಟವನ್ನು ಕಾಕು ತಾವೇ ತೊಳೆದು ಗೋಡೆಯ ಮೇಲೆ ಬೋರಲು ಇಡುತ್ತಿದ್ದರು. ಇಡಿ ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ಅತ್ತೆ ಆ ಹೊತ್ತಿನಲ್ಲಿ ನಗುತ್ತಿದ್ದ ಹಾಗೆ ಬೇರೆ ಯಾವ ಹೊತ್ತಿನಲ್ಲೂ ನಗುತ್ತಿರಲಿಲ್ಲ.

ಅವತ್ತು ನಾನೇ ಫ್ರಿಜ್ಜಿನ ಮೇಲಿನ ಹಾಳೆಯನ್ನು ಕಿತ್ತು ತಂದು ಕಾಕುವಿಗೆ ತೋರಿಸಿದೆ. ಓದು ಬರದವರು ಅದನ್ನು ಬಹಳ ಹೊತ್ತು ನೋಡಿದರು.

“ಕುನ್ನಿಗಿ ಓದ್ಲಿಕ್ಕ ಬರ್ತದೇನ್ ಯವ್ವಾ? ಇದಕ್ಕೂ ಕಾನ್ವೆಂಟಿಗಿ ಹಾಕೀದಿ ಏನು?”

ಅತ್ತೆ ಕಟ್ಟೆಯ ಮೇಲೆ ಕೂತೇ ನಕ್ಕರು. ಕಾಕು ಮರಿಯನ್ನು ನೆಲಕ್ಕೆ ಬಿಟ್ಟರು. ಅದು ಎದ್ದಿತು, ಜಾರಿತು, ಹೊಟ್ಟೆ ನೆಲಕ್ಕೆ ಹತ್ತಿ ಹಿಂಗಾಲು ಕಪ್ಪೆಯ ಹಾಗೆ ಅಗಲವಾದವು. ಇದೆಲ್ಲ ನನಗೆ ಇಷ್ಟು ದಿನ ಆಟವೆಂದು ಕಂಡಿತ್ತು. ಕಾಕು ಕಲ್ಲಿನ ಮೇಲೆ ಅಂಗೈ ಆಡಿಸಿದರು. ಈ ಕಲ್ಲು ನಾನೇ ತಿಕ್ಕೀನೋ ಏನೋ, ಇದರ ಮ್ಯಾಲ ಮನುಷ್ಯಾರೇ ಜಾರ್ತಾರ, ಇದೇನ್ ನಿಲ್ತದ ಎಂದರು. ಮನೆಗೆ ಹೋಗಿ ಎರಡು ಗೋಣಿಚೀಲ ತಂದು ಬಿಚ್ಚಿ ಹಾಸಿದರು. ಮರಿ ಅದರ ಮೇಲೆ ನಾಲ್ಕು ಹೆಜ್ಜೆ ನಡೆಯಿತು.

ಆದರೆ ಐದನೆಯದಕ್ಕೆ ಕೂತಿತು. ಮರುದಿನ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ದವಾಖಾನೆಗೆ ಹೋದೆ. ಎಮ್ಮೆಗಳ ಸಾಲಿನಲ್ಲಿ ನನ್ನ ಬುಟ್ಟಿ ನೋಡಿ ಜನ ನಕ್ಕರು. ಡಾಕ್ಟರು ನಗಲಿಲ್ಲ. ಕಾಲು ಹಿಡಿದು ನೋಡಿ, ಇದರ ಮೈಯಲ್ಲಿ ಶಕ್ತಿಯೇ ಇಲ್ಲ, ಹಾಲು ಇದಕ್ಕೆ ಆಗುತ್ತಿಲ್ಲ, ಹೀಗೇ ಬಿಟ್ಟರೆ ವಾರ ಉಳಿಯುವುದಿಲ್ಲ ಎಂದರು. ತೆಳುವಾದ ಜೋಳದ ಗಂಜಿ, ಚೀಲದ ಮೇಲೆ ನಡಿಗೆ, ಮತ್ತೆ ದಿನಕ್ಕೊಂದು ಕುದಿಸಿದ ತತ್ತಿ. ಒಂದು ತಿಂಗಳು.

ತತ್ತಿ ಎಂದ ಕೂಡಲೇ ಬುಟ್ಟಿ ನನಗೆ ಭಾರವಾಯಿತು.

ಅತ್ತೆಯನ್ನು ಕೇಳಬಹುದಿತ್ತು. ಇವತ್ತಿಗೂ ಅನಿಸುತ್ತದೆ, ಕೇಳಿದ್ದರೆ ಏನಾಗುತ್ತಿತ್ತು... ಆದರೆ ನಾನು ಹಿತ್ತಲ ಗೋಡೆಯ ಹತ್ತಿರ ಹೋಗಿ ಕಾಕುವನ್ನು ಕರೆದೆ. ನಿಮ್ಮ ಮನೆಯಲ್ಲಿ ತತ್ತಿ ಕುದಿಸಿ ಹಾಕುತ್ತೀರಾ, ಅತ್ತೆಗೆ ಗೊತ್ತಾಗಬಾರದು ಎಂದೆ. ಕಾಕು ಕೈಗೆ ಹತ್ತಿದ ಬೂದು ಕೆಸರನ್ನು ಉಗುರಿನಿಂದ ಕೆರೆದರು.

“ಹಾಕ್ತೀನಿ ಯವ್ವಾ. ಆದ್ರ ಅಕ್ಕನ ಮುಂದ ನನಗ ಸುಳ್ಳು ಹೇಳಸಬ್ಯಾಡ. ಕೇಳಿದ್ರ ನೀನೇ ಹೇಳಬೇಕು.”

ಹೂಂ ಎಂದೆ.

ಅಲ್ಲಿಂದ ದಿನಾ ಸಂಜೆ ಮರಿಯನ್ನು ಗೋಡೆಯ ಮೇಲಿಂದ ಕಾಕುವಿನ ಕೈಗೆ ದಾಟಿಸುವುದು ನನ್ನ ಕೆಲಸವಾಯಿತು. ಅವರು ತತ್ತಿ ಸುಲಿದು, ಹಳದಿಯನ್ನು ಬೆರಳಲ್ಲಿ ಪುಡಿ ಮಾಡಿ ಗಂಜಿಗೆ ಕಲಸಿ, ಅದು ತಿಂದು ಮುಗಿಸಿದ ಮೇಲೆ ಒಲೆಯ ಬೂದಿಯಿಂದ ಮೂತಿ ತಿಕ್ಕಿ ವಾಸನೆ ತೆಗೆದು ಕೊಡುತ್ತಿದ್ದರು. ಸಿಪ್ಪೆಯನ್ನು ತಮ್ಮ ತಿಪ್ಪೆಯಲ್ಲಿ ಹುಗಿಯುತ್ತಿದ್ದರು. ದಿನವಿಡೀ ಕಲ್ಲು ತಿಕ್ಕಿ ಬಂದವರು, ಕೂತರೆ ಮೊಣಕಾಲು ಲಟಕ್ ಎನ್ನುತ್ತಿತ್ತು. ಆದರೂ ಚೀಲದ ಒಂದು ತುದಿಯಲ್ಲಿ ಕೂತು ಬಾ ಬಾ ಎಂದು ಮರಿಯನ್ನು ನಡೆಸುತ್ತಿದ್ದರು. ಎಂಟು ಹೆಜ್ಜೆ, ಹತ್ತು ಹೆಜ್ಜೆ. ಮೂರನೇ ವಾರಕ್ಕೆ ಅದು ಓಡಿತು. ಮಗಳು ಹಿತ್ತಲ ತುಂಬ ಅದರ ಹಿಂದೆ ಓಡಿದಳು. ನಾನು ಎಷ್ಟೋ ದಿನದ ಮೇಲೆ ಕಣ್ಣು ತುಂಬ ನಿದ್ದೆ ಮಾಡಿದೆ.

ಓಡಲು ಕಲಿತದ್ದೇ ಕೇಡಾಯಿತು. ಮರುದಿನ ಬೆಳಿಗ್ಗೆ ಅತ್ತೆ ಪಡಸಾಲೆಯಲ್ಲಿ, ಹಿತ್ತಲ ಬಾಗಿಲ ಪಕ್ಕಕ್ಕೇ, ಪೂಜೆಗೆ ಕೂತಿದ್ದರು. ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮರಿ ಹಿತ್ತಲಿಂದ ಬಾಲ ಎತ್ತಿಕೊಂಡು ಬಂತು. ನೇರ ಹೋಗಿ ಅತ್ತೆಯ ಮುಂದೆ ಬಾಯಲ್ಲಿದ್ದುದನ್ನು ಇಟ್ಟಿತು. ಟಕ್ ಎಂದು ಸಣ್ಣ ಸದ್ದು. ಕಾಕುವಿನ ತಿಪ್ಪೆಯಿಂದ ಕೆದರಿ ತಂದ ಅರ್ಧ ತತ್ತಿ ಸಿಪ್ಪೆ, ಫರಸಿಯ ಮೇಲೆ ಬಟ್ಟಲಿನ ಹಾಗೆ ಕೂತಿತ್ತು.

ಅತ್ತೆ ಅಂಗೈಯಿಂದ ಕಣ್ಣು ತೆಗೆಯಲಿಲ್ಲ. ಪೂಜೆ ಮುಗಿಸಿದರು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡರು. ಆಮೇಲೆ ಹಿತ್ತಲ ಬಾಗಿಲಿಗೆ ಹೋಗಿ, ಬುತ್ತಿ ಗಂಟು ಹಿಡಿದು ಕೆಲಸಕ್ಕೆ ಹೊರಟಿದ್ದ ಕಾಕುವನ್ನು ಕರೆದರು. ಕಾಕು ಬಂದು ಹೊಸ್ತಿಲ ಆಚೆ ನಿಂತರು. ಸಿಪ್ಪೆ ನೋಡಿದರು.

“ಯಾರ್ ಹಾಕಿದ್ರು ಇದಕ್ಕ ತತ್ತಿ?” ಅತ್ತೆ ಯಾರ ಮುಖವನ್ನೂ ನೋಡದೆ ಕೇಳಿದರು.

ಕಾಕು ನನ್ನ ಕಡೆ ನೋಡಿದರು. ಸಿಟ್ಟಿನಿಂದಲ್ಲ. ಸುಮ್ಮನೆ ಕಾಯುವವರ ಹಾಗೆ. ನನ್ನ ಕೈಯಲ್ಲಿ ಹಿಟ್ಟಿತ್ತು. ಅದನ್ನು ಒಂದೊಂದೇ ಬೆರಳಿಂದ ಬಿಡಿಸಿಕೊಳ್ಳುತ್ತ ನಿಂತೆ. ಹಿಂದೆ ಹೆಂಚಿನ ಮೇಲೆ ರೊಟ್ಟಿ ಕರಕಾದ ವಾಸನೆ ಬಂತು, ಅಷ್ಟು ಹೊತ್ತು. ಸುಳ್ಳು ಹೇಳಬಾರದೆಂದು ಸಿಸ್ಟರ್‌ಗಳು ಕಲಿಸಿದ್ದರು. ನಾನು ಸುಳ್ಳನ್ನೇನೂ ಹೇಳಲಿಲ್ಲ.

“ನಾನೇ ಹಾಕೀನ್ರಿ ಅಕ್ಕಾ,” ಎಂದರು ಕಾಕು.

“ನಮ್ಮನಿ ಪದ್ಧತಿ ಗೊತ್ತಿದ್ದೂ?”

“ಗೊತ್ತಿದ್ದೇ ಹಾಕೀನ್ರಿ. ಕುನ್ನಿ ಸಾಯ್ಲಿಕತ್ತಿತ್ತು.”

ಅಷ್ಟೇ. ಕಾಕು ಹೊಸ್ತಿಲ ಆಚೆಯಿಂದಲೇ ಬಗ್ಗಿ ಕೈ ಚಾಚಿ ಸಿಪ್ಪೆ ಎತ್ತಿಕೊಂಡರು. ಅದು ಇದ್ದ ಜಾಗವನ್ನು ಸೆರಗಿನ ತುದಿಯಿಂದ ಒರೆಸಿದರು. ಮರಿಯನ್ನು ಬಗಲಲ್ಲಿ ಇಟ್ಟುಕೊಂಡು ಹೋದರು. ಹಾಸಿದ ಚೀಲ ಮಾತ್ರ ಹಾಗೇ ಬಿಟ್ಟರು.

ಮಗಳು ಎರಡು ದಿನ ಅತ್ತು ಮರೆತಳು. ಮರಿ ಕಾಕುವಿನ ಮನೆಯಲ್ಲೇ ಬೆಳೆದು ನಾಯಿಯಾಯಿತು. ಹಿಂಗಾಲು ಒಂದು ಕಡೆಗೆ ತುಸು ಎಳೆಯುತ್ತಿತ್ತು, ಆದರೂ ಓಣಿಗೆಲ್ಲ ಅದೇ ಕಾವಲು. ನಮ್ಮ ಹಿತ್ತಲ ಮೆಟ್ಟಿಲು ಸಂಜೆಗಳಲ್ಲಿ ಖಾಲಿ ಇರುತ್ತಿತ್ತು. ಸ್ಟೀಲಿನ ಲೋಟ ಗೋಡೆಯ ಮೇಲೆ ಬೋರಲಾಗಿ ಎಷ್ಟೋ ದಿನ ಇತ್ತು. ಮಳೆ ಬಿತ್ತು, ಸಿಮೆಂಟಿನ ಧೂಳು ಕೂತಿತು. ಒಂದು ದಿನ ಅತ್ತೆ ಅದನ್ನು ಒಳಗೆ ತಂದು, ತೊಳೆದು, ಉಳಿದ ಲೋಟಗಳ ಜೊತೆ ಇಟ್ಟರು. ಆವತ್ತಿನಿಂದ ರೊಟ್ಟಿ ಮುಗಿದ ಮೇಲೆ ಉಳಿದ ಹಿಟ್ಟಿನಲ್ಲಿ ದಪ್ಪನೆಯ ಒಂದು ಸಣ್ಣ ರೊಟ್ಟಿ ಮಾಡಿಸಿ, ನಾಯಿಗೆ ಕೊಟ್ಟು ಬಾ ಎಂದು ನನ್ನನ್ನು ಗೋಡೆಯ ಹತ್ತಿರ ಕಳಿಸುತ್ತಿದ್ದರು. ಕಾಕು ರೊಟ್ಟಿ ಇಸಿದುಕೊಂಡು, ಮಗಳ ಶಾಲೆಯ ಬಗ್ಗೆ, ನಳದ ನೀರಿನ ಬಗ್ಗೆ ಮಾತಾಡುತ್ತಿದ್ದರು. ಎರಡು ಸಲ ನಾನು ಆ ಮಾತು ತೆಗೆಯಲು ಹೋದೆ. ಎರಡು ಸಲವೂ ಕಾಕು, ಇರ್ಲಿ ಬಿಡು ಯವ್ವಾ, ಒಲಿ ಮ್ಯಾಲ ಎಸರಿಟ್ಟೀನಿ ಎಂದು ಒಳಗೆ ಹೋದರು. ಮೂರನೆಯ ಸಲ ನಾನು ಹೋಗಲಿಲ್ಲ. ಮೂರನೆಯ ಸಲ ಹೋಗಬೇಕಿತ್ತು...

ಎರಡು ವರ್ಷದ ಮೇಲೆ ಪಾಲಿಶ್ ಕಾರ್ಖಾನೆ ಮುಚ್ಚಿತು. ಕಾಕು ಸೇಡಂ ಕಡೆಯ ಆಡಕಿಗೆ, ಮಗಳ ಮನೆಗೆ ಹೊರಟರು. ಟೆಂಪೋದಲ್ಲಿ ಎರಡು ಟ್ರಂಕು, ಒಂದು ಬೀಸುಕಲ್ಲು, ಅದರ ಪಕ್ಕ ಆ ನಾಯಿ. ನಾನು ಬಾಗಿಲಲ್ಲಿ ನಿಂತಿದ್ದೆ, ಬರ್ತೀನ್ರವ್ವಾ ಎಂದರು. ಅತ್ತೆ ಒಳಗಿಂದ ಬರಲಿಲ್ಲ. ಕಿಟಕಿಯ ಪರದೆ ಮಾತ್ರ ಅಲ್ಲಾಡಿತು. ಕಾಕು ತೀರಿಕೊಂಡ ಸುದ್ದಿ, ಅದೂ ಅವರು ಮಣ್ಣಾಗಿ ಎರಡು ತಿಂಗಳಾದ ಮೇಲೆ, ತರಕಾರಿ ಮಾರುವ ಹೆಂಗಸಿನ ಬಾಯಿಂದ ಬಂತು. ನಾನು ಬದನೆಕಾಯಿ ಆರಿಸುತ್ತಿದ್ದೆ.

ಅತ್ತೆ ಹಾಸಿಗೆ ಹಿಡಿದಿದ್ದ ಕೊನೆಯ ಚಳಿಗಾಲದಲ್ಲಿ ಒಂದು ಸಂಜೆ ನಾನು ಅವರ ಪಕ್ಕ ಕೂತು ಪುಂಡಿಪಲ್ಯ ಸೋಸುತ್ತಿದ್ದೆ. ಅವರು ಬಹಳ ಹೊತ್ತು ಎಲೆ ನೋಡಿದರು.

“ತತ್ತಿ ನೀನೇ ಹಾಕ್ಸಿದ್ದಿ. ಅವತ್ತೇ ನನಗ ಗೊತ್ತಿತ್ತು.”

ನನ್ನ ಕೈ ನಿಂತಿತು.

“ನೀ ಹೇಳ್ತಿ ಅಂತ ಕಾದೆ. ಅಕಿನೂ ಕಾದಳು.”

ಗೊತ್ತಿದ್ದೂ ಯಾಕೆ ಕಾಕುವನ್ನು ಕಳಕೊಂಡಿರಿ ಎಂದು ನಾನು ಕೇಳಲಿಲ್ಲ. ಸೊಸೆಯ ಜೊತೆ ಒಂದೇ ಸೂರಿನ ಕೆಳಗೆ ಇರಬೇಕಾದವರು ಅವರು. ಅವರ ದಣಿವು ನನಗೆ ಈಗ, ಈ ವಯಸ್ಸಿನಲ್ಲಿ, ಸ್ವಲ್ಪ ಅರ್ಥವಾಗುತ್ತದೆ.

ನಿನ್ನೆ ಚೀಲ ಒಣಹಾಕಿ ಬಂದ ಮೇಲೆ ಮಗಳ ಫೋನು ಬಂತು. ಮರಿ ಹೇಗಿದೆ ಎಂದಳು. ಹಾಲು ನಿಲ್ಲಿಸಿ ಗಂಜಿಗೆ ತತ್ತಿ ಕಲಸಿ ಹಾಕುತ್ತಿದ್ದೇನೆ, ಕಾಲು ಗಟ್ಟಿಯಾಗುತ್ತಿವೆ ಎಂದೆ. ಇದೆಲ್ಲ ಯಾರು ಹೇಳಿಕೊಟ್ಟರು, ನೆಟ್ಟಿನಲ್ಲಿ ನೋಡಿದೆಯಾ ಎಂದು ಕೇಳಿದಳು. ಹಿಂದಿನ ಓಣಿಯ ಕಾಕು ಎಂದೆ.

“ಯಾವ ಕಾಕು, ಮಮ್ಮಿ?”

ಹೇಳಿದೆ. ಗೋಡೆಯ ಹತ್ತಿರ ಹೂಂ ಎಂದದ್ದು, ಕೈಯ ಹಿಟ್ಟು ಬಿಡಿಸಿಕೊಳ್ಳುತ್ತ ನಿಂತದ್ದು, ಎಲ್ಲ. ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು, ಆ ಮುಖವೇ ನೆನಪಿಲ್ಲದ ಒಬ್ಬಳಿಗೆ. ಎಲ್ಲ ಕೇಳಿ ಅವಳು, ಮಮ್ಮಿ, ಊಟ ಆಯಿತಾ ಎಂದಳು. ಆಗಿಲ್ಲ ಎಂದೆ.

ಫೋನಿಟ್ಟು ಹಿತ್ತಲಿನ ಸಣ್ಣ ಒಲೆಯ ಮೇಲೆ ತತ್ತಿ ಕುದಿಸಿದೆ. ಸುಲಿದೆ, ಹಳದಿ ಪುಡಿ ಮಾಡಿದೆ. ಮರಿ ಚೀಲದ ಮೇಲೆ ನಿಂತು ತಿಂದಿತು, ಕಾಲು ಜಾರಲಿಲ್ಲ. ಸಿಪ್ಪೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಕಸದ ಬುಟ್ಟಿಯ ತಳಕ್ಕೆ ಹಾಕಿ, ಮೇಲೆ ಪಲ್ಯದ ದಂಟು ಮುಚ್ಚಿದ ಮೇಲೆ ಕೈ ತಡೆಯಿತು. ಯಾರಿಗೂ ಕಾಣದ ಹಾಗೆ ಮುಚ್ಚಿಡಲು, ಈ ಮನೆಯಲ್ಲಿ ಈಗ ಕೇಳುವವರು ಯಾರಿದ್ದಾರೆ.