ಹವಾಲ್ದಾರರ ಸರದಿಯ ಆಮೆನ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಂದು ಮನೆಯವರು ದೇವರ ಮುಂದೆ ಕಣ್ಣು ಮುಚ್ಚಿ ಕುಳಿತಿದ್ದಾಗ ಕಿಟಕಿಯ ಆಚೆ ನಿಂತು, ಆ ಮನೆಯ ಯಜಮಾನರ ದನಿಯಲ್ಲಿ ‘ಆಮೆನ್’ ಅಂದವನು ನಾನೇ. ಯಜಮಾನರು ಆಗ ಹಿಮಾಲಯದ ಯಾವುದೋ ಗುಡ್ಡದ ಮೇಲಿದ್ದರು. ಇದ್ದಾರೋ ಇಲ್ಲವೋ ಎಂಬುದೇ ಮನೆಯವರಿಗೆ ಗೊತ್ತಿರಲಿಲ್ಲ. ಇಂಥ ಬುದ್ಧಿ ನಿನಗೆ ಹೇಗೆ ಬಂತು ಎಂದು ನೀವು ಕೇಳಬಹುದು. ಬುದ್ಧಿ ಬರುವ ಮೊದಲೇ ದನಿ ಬಂದುಬಿಡುವ ಜಾತಿ ನನ್ನದು.

ಇದೆಲ್ಲ ಈಗ ನೆನಪಾಗಿದ್ದು ಒಂದು ವಾಸನೆಯಿಂದ. ಮೊನ್ನೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನೆದುರಿನ ಹೋಟೆಲಿನಲ್ಲಿ ಗೆಳೆಯರ ಜೊತೆ ಕುಳಿತಿದ್ದೆ. ರಜೆಯ ಮೇಲೆ ಬಂದ ಮಿಲಿಟರಿಯವನೊಬ್ಬ ಹಿರೀಸಾವೆ ಕಡೆಯ ಬಸ್ಸಿಗೆ ಕಾಯುತ್ತ, ಬಿಳಿ ಬಣ್ಣದಲ್ಲಿ ಹೆಸರು ಬರೆದ ಕರಿ ಟ್ರಂಕಿನ ಮೇಲೆ ಕೂತು, ಬೆಲ್ಟಿನ ಹಿತ್ತಾಳೆಗೆ ಪಾಲಿಶ್ ಹಾಕಿ ಉಜ್ಜುತ್ತಿದ್ದ. ನಡುವೆ ಒಮ್ಮೆ ಕಾಫಿ ಕೇಳಿದ. ಕೇಳಿದ ಜೋರಿಗೆ ಇಡೀ ಹೋಟೆಲು ಎದ್ದು ನಿಲ್ಲುವುದೊಂದು ಬಾಕಿ. ಆಗಲೇ ನಾನು ಕಂಡಕ್ಟರನನ್ನೂ ಸಪ್ಲೈಯರನನ್ನೂ ಅವರದೇ ದನಿಯಲ್ಲಿ ಆಡಿ ತೋರಿಸಿಯಾಗಿತ್ತು. ಕಾಫಿ ಕೊಡಿಸಿದ್ದ ಗೆಳೆಯ ಹಕ್ಕಿನಿಂದ, “ಲೇ, ಆ ಮಿಲಿಟರಿಯೋನ್ದು ಒಂದ್ಸಲ ಮಾಡ್ಲಾ” ಎಂದ. ನನಗೆ ಬರಲ್ಲ ಎಂದೆ. ಅವನು ನಂಬಲಿಲ್ಲ. ನೀವೂ ನಂಬಬೇಡಿ.

ಅರಕಲಗೂಡಿನಿಂದ ಹಾಸನಕ್ಕೆ ಓದಲು ಬಂದವನು ನಾನು. ಓದಿದ್ದು ಎಷ್ಟೆಂದು ಕೇಳಬೇಡಿ. ಇಗರ್ಜಿಯ ಹಿಂದಿನ ಗಲ್ಲಿಯಲ್ಲಿ ಒಂದು ಬಾಡಿಗೆ ಕೋಣೆ. ಕೋಣೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯಲ್ಲಿ ಸಾರಕ್ಕ, ಅವರ ಮಗ ದಾನಿಯೇಲ, ಮಗಳು ಗ್ರೇಸಿ. ಸಾರಕ್ಕ ಹೊಳೆನರಸೀಪುರದವರು, ಹವಾಲ್ದಾರರ ಕೈಹಿಡಿದು ಹಾಸನಕ್ಕೆ ಬಂದವರು. ಹವಾಲ್ದಾರರು ಮಿಲಿಟರಿಯಲ್ಲಿದ್ದರೂ ಮಿಲಿಟರಿ ನಡೆಸುತ್ತಿದ್ದವರು ಸಾರಕ್ಕ. ಮಕ್ಕಳ ಉಗುರಿಗೂ ಹಾಜರಿ, ಕೊಡಗಳಿಗೂ ಸಾಲು. ಪ್ರತಿ ಶನಿವಾರ ಸಂಜೆ ಗೋಡೆಯ ಮೊಳೆಗೆ ನೇತುಹಾಕಿದ್ದ ಗಂಡನ ಹಳೇ ಕೋಟು ಇಳಿಸಿ, ಅದರ ಹಿತ್ತಾಳೆ ಗುಂಡಿಗಳಿಗೆ ಪಾಲಿಶ್ ಹಾಕುತ್ತಿದ್ದರು. ಆ ವಾಸನೆ ಹೆಂಚಿನ ಸಂದಿಯಿಂದ ನನ್ನ ಕೋಣೆಗೂ ಬರುತ್ತಿತ್ತು. ತೊಡುವವರಿಲ್ಲದ ಕೋಟಿಗೆ ಯಾಕಿಷ್ಟು ಸಿಂಗಾರ ಎಂದು ನಾನು ನಗುತ್ತಿದ್ದೆ. ನನ್ನ ಅಂಗಿಗೆ ಆಗ ಮೇಲಿನ ಗುಂಡಿ ಇರಲಿಲ್ಲ.

ಹವಾಲ್ದಾರರನ್ನು ನಾನು ಕಂಡಿದ್ದು ಒಂದೇ ಒಂದು ರಜೆಯಲ್ಲಿ. ಕಂಡಿದ್ದಕ್ಕಿಂತ ಕೇಳಿದ್ದು ಹೆಚ್ಚು. ಗಲ್ಲಿಯ ತುದಿಯಿಂದ ‘ಸಾರಾ’ ಎಂದರೆ ಕೋಳಿಗಳು ಚರಂಡಿ ಹಾರುತ್ತಿದ್ದವು. ಆ ರಜೆ ಮುಗಿಯುವುದರೊಳಗೆ ದನಿ ನನ್ನ ಗಂಟಲಿಗೆ ಬಂದಿತ್ತು. ಅದಾಗಲೇ ಅಲ್ಲಿ ಪಾದ್ರಿಗಳು, ಅರಕಲಗೂಡು ಬಸ್ಸಿನ ಕಂಡಕ್ಟರು, ಮನೆ ಮಾಲೀಕರು ಎಲ್ಲ ಸೇರಿ ಜಾಗ ಇಕ್ಕಟ್ಟಾಗಿತ್ತು. ನನ್ನ ಸ್ವಂತ ದನಿ ಎಲ್ಲೋ ಮೂಲೆಯಲ್ಲಿ ಮಲಗಿತ್ತು.

ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಕುಟುಂಬ ಪ್ರಾರ್ಥನೆ. ಒಂದು ಕೀರ್ತನೆ, ಒಂದು ಅಧ್ಯಾಯ, ಆಮೇಲೆ ಸಾರಕ್ಕನ ಪ್ರಾರ್ಥನೆ. ಕೊನೆಗೆ ಒಬ್ಬೊಬ್ಬರಾಗಿ ಆಮೆನ್ ಅನ್ನಬೇಕು. ಮೊದಲ ಸರದಿ ಹವಾಲ್ದಾರರದು, ಆಮೇಲೆ ಸಾರಕ್ಕ, ದಾನಿಯೇಲ, ಗ್ರೇಸಿ. ಹವಾಲ್ದಾರರು ಊರಲ್ಲಿಲ್ಲದಾಗ ಅವರ ಸರದಿಗೆ ಎಲ್ಲರೂ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಮೌನಕ್ಕೂ ರಜಾ ಕೊಡದ ಮನೆ ಅದು.

ಆ ರಜೆಯ ಮರುವರ್ಷ ಚೀನಾ ಗಡಿಯಲ್ಲಿ ಯುದ್ಧ ಹತ್ತಿತು. ಹವಾಲ್ದಾರರ ಕಾಗದ ನಿಂತುಹೋಯಿತು. ಹೋಟೆಲಿನ ರೇಡಿಯೋ ಮುಂದೆ ನಿಂತು ಬಂದವರೆಲ್ಲ ಸಾರಕ್ಕನ ಬಾಗಿಲಲ್ಲಿ ದನಿ ತಗ್ಗಿಸಿ ಮಾತಾಡತೊಡಗಿದರು. ಇಗರ್ಜಿಯ ಸಭೆಯ ಹಿರಿಯರೊಬ್ಬರು ಬಂದು, ಆ ಸರದಿ ಇನ್ನು ಮೇಲೆ ನೀನೇ ಹೇಳಮ್ಮ, ಇಲ್ಲ ಹುಡುಗನಿಗೆ ಹೇಳಿಸು, ಸುಮ್ಮನೆ ಬಿಡುವುದು ಮಕ್ಕಳ ಮನಸ್ಸಿಗೆ ಒಳ್ಳೆಯದಲ್ಲ ಎಂದು ಬುದ್ಧಿ ಹೇಳಿದರು. ಸಾರಕ್ಕ ಅವರಿಗೆ ಕಾಫಿ ಕೊಟ್ಟು, “ನಾನು ಅಂದ್ಬುಟ್ರೆ ಅವ್ರು ಬರಾಕಿಲ್ಲ ಅಂತ ನಾನೇ ಒಪ್ಕಂಡಂಗಾಯ್ತದೆ. ಸರದಿ ಅವರ್ದು. ಬಂದು ಅವ್ರೇ ಅಂತಾರೆ” ಎಂದರು. ಇದನ್ನು ಗೋಡೆಯೀಚೆ ನಾನು ಸ್ಪಷ್ಟವಾಗಿ ಕೇಳಿಸಿಕೊಂಡಿದ್ದೆ.

ಕೇಳಿಸಿಕೊಂಡ ಮೇಲೂ ಮಾಡಿದೆ, ಅದೇ ನನ್ನ ಹೆಚ್ಚುಗಾರಿಕೆ. ಮಕ್ಕಳು ಸಪ್ಪಗಿದ್ದಾರೆ, ಒಂದು ಗಳಿಗೆ ನಗಲಿ ಎಂದುಕೊಂಡು ಒಂದು ಸಂಜೆ ಅವರ ಕಿಟಕಿಯ ಪಕ್ಕ ನಿಂತೆ. ಆ ಮೌನ ಬಂತು. ಹೊಟ್ಟೆಯಿಂದ ದನಿ ತೆಗೆದು ‘ಆಮೆನ್’ ಎಂದೆ.

ಯಾರೂ ನಗಲಿಲ್ಲ. ಗ್ರೇಸಿ ಎದ್ದು ಅಪ್ಪನನ್ನು ಹುಡುಕಿದಳು. ಬಾಗಿಲ ಹಿಂದೆ ನೋಡಿದಳು, ಮಂಚದ ಕೆಳಗೆ ಬಗ್ಗಿದಳು, ಕೊನೆಗೆ ಮೊಳೆಯಲ್ಲಿದ್ದ ಕೋಟಿನ ಅಂಚು ಎತ್ತಿ ಒಳಗೆ ಇಣುಕಿದಳು. ಅಪ್ಪನನ್ನು ಆ ರಜೆಯಲ್ಲಿ ಕಂಡಾಗ ಅವಳು ಇನ್ನೂ ತೊದಲುವ ಕೂಸು. ಮುಖ ಮರೆತು ಅವಳಲ್ಲಿ ಉಳಿದಿದ್ದು ಆ ದನಿಯೊಂದೇ ಎಂದು ನನಗೆ ಆಗ ತಿಳಿಯಿತು. ಸಾರಕ್ಕ ಹೊರಗೆ ಬಂದರು. ಕೈಯಲ್ಲಿ ಬೈಬಲ್ಲು, ಹಾಳೆಗಳ ನಡುವೆ ಬೆರಳು. ಆ ಮುಖವನ್ನು ಆಡಿ ತೋರಿಸು ಎಂದರೆ ನನ್ನಿಂದಾಗದು.

“ಬಾ ಒಳಕ್ಕೆ” ಎಂದರು. “ಕದ್ದು ಆಮೆನ್ ಅಂದೋನು ಪೂರ್ತಿ ಕೂತು ಕೇಳು. ನಿನ್ ಸರದಿ ಕಡೇದು. ನಿನ್ ದನೀಲೇ ಅನ್ನು.”

ನನ್ನಿಂದ ಕೆಟ್ಟುಹೋದ ಪ್ರಾರ್ಥನೆಯನ್ನು ಕೀರ್ತನೆಯಿಂದ ಮತ್ತೆ ಶುರು ಮಾಡಿದರು. ಹವಾಲ್ದಾರರ ಸರದಿಯ ಮೌನವೂ ಮತ್ತೆ ಹಾಗೇ ಇತ್ತು. ನನ್ನ ಸರದಿಗೆ ಬಾಯಿ ತೆರೆದರೆ ಪಾದ್ರಿಗಳು ಹೊರಬಂದರು. ಇನ್ನೊಂದು ಸಲ ಅನ್ನು ಎಂದರು ಸಾರಕ್ಕ. ಕಂಡಕ್ಟರು ಬಂದ. ಮತ್ತೆ ಅನ್ನಿಸಿದರು. ಕೊನೆಗೆ ಮೇಕೆಮರಿಯಂಥ ಒಂದು ದನಿ ಬಂತು. ಅದು ನನ್ನದೇ ಇರಬೇಕು; ‘ಸಾಕು, ಏಳು’ ಎಂದರು ಸಾರಕ್ಕ.

ಶಿಕ್ಷೆ ಒಂದು ದಿನದ್ದಲ್ಲ, ದಿನವೂ. ಮಗ ಜಾತಿ ಕೆಟ್ಟನೆಂಬ ಸುದ್ದಿ ಅರಕಲಗೂಡಿಗೆ ಮುಟ್ಟಿ ನಮ್ಮಮ್ಮ ಮೊದಲ ಬಸ್ಸಿಗೇ ಬಂದಿಳಿದಳು. ಸಾರಕ್ಕನ ಜಗಲಿಯಲ್ಲಿ ಕೂತು ನನ್ನ ಘನಕಾರ್ಯ ಪೂರ್ತಿ ಕೇಳಿ, ಹೊರಡುವಾಗ, “ದಿನಾ ಕೂರಿಸ್ಕಳಿ ತಾಯಿ. ಅಷ್ಟೊತ್ತಾದ್ರೂ ಬಾಯ್ ಮುಚ್ಕಂಡಿರ್ಲಿ” ಎಂದು ಹೇಳಿ ಹೋದಳು. ಗ್ರೇಸಿ ಮಾತ್ರ ನನ್ನನ್ನು ಹಿತ್ತಲಿಗೆ ಕರೆದು ‘ಅಪ್ಪನ್ನ ಮಾಡು’ ಎಂದು ಪೀಡಿಸುತ್ತಿದ್ದಳು. ಮಾಡಲಿಲ್ಲ ಎಂದು ಬರೆಯಲು ಆಸೆ. ಅವಳು ಅರ್ಧ ಚೀಪಿದ ಪೆಪ್ಪರಮಿಂಟು ಕೊಟ್ಟಳು, ಮಾಡಿದೆ.

ಬೇಸಿಗೆಯ ಒಂದು ಮಧ್ಯಾಹ್ನ ಗಲ್ಲಿಗೆ ಜಟಕಾ ಬಂತು. ಕರಿ ಟ್ರಂಕು ಇಳಿಯಿತು, ಹಿಂದೆಯೇ ಹವಾಲ್ದಾರರು. ಕೋಳಿಗಳು ಕದಲಲಿಲ್ಲ. ಅವರು ‘ಸಾರಾ’ ಎಂದದ್ದು ಪಕ್ಕದಲ್ಲಿದ್ದ ನನಗೇ ಅರ್ಧ ಕೇಳಿಸಿತು. ಹಿಮದಲ್ಲಿ ಸಿಕ್ಕಿ, ಉತ್ತರದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿ, ಗಂಟಲು ಹೋಗಿತ್ತು. ಕಮ್ಮಾರನ ಹರಿದ ತಿದಿಯಲ್ಲಿ ಗಾಳಿಯಾಡಿದಂಥ ಸದ್ದು. ಸಾರಕ್ಕ ಕೋಟು ಇಳಿಸಿ ತೊಡಿಸಿದರು. ಭುಜದಲ್ಲಿ ಸಡಿಲವಾಗಿತ್ತು, ಗುಂಡಿಗಳು ಹೊಳೆದವು.

ಆ ಸಂಜೆಯೂ ಚಾಪೆಯ ತುದಿಯಲ್ಲಿ ನಾನಿದ್ದೆ. ಮೊದಲ ಸರದಿ ಬಂತು. ಹವಾಲ್ದಾರರು ಆಮೆನ್ ಎಂದರು. ಗ್ರೇಸಿ ಕಣ್ಣು ಬಿಟ್ಟಳು.

“ಇವ್ರು ಅಪ್ಪ ಅಲ್ಲ. ಅಪ್ಪ ಇಂಗನ್ನಲ್ಲ. ಪಕ್ಕದ್ಮನೆ ಅಣ್ಣಂಗೆ ಬತ್ತದೆ, ಕೇಳಮ್ಮ.”

ದಾನಿಯೇಲ ಚಾಪೆಯ ಎಳೆ ಕೀಳತೊಡಗಿದ. ಹವಾಲ್ದಾರರು ನನ್ನತ್ತ ತಿರುಗಿ, “ನಂದು ನಿನ್ತಾವ ಐತಾ? ಎಲ್ಲಿ, ಕೊಡಪ್ಪ ನೋಡಾನ” ಎಂದರು. ಸಾರಕ್ಕನ ಮುಖ ನೋಡಿದೆ. ಹವಾಲ್ದಾರರ ಹಳೇ ದನಿಯಲ್ಲಿ ಆಮೆನ್ ಅಂದೆ. ಹೆಂಚು ನಡುಗಿತು. ಹವಾಲ್ದಾರರು ತಮ್ಮ ಹಳೇ ಫೋಟೋ ನೋಡುವವರ ಹಾಗೆ ತಲೆ ಬಗ್ಗಿಸಿ ಕೇಳಿದರು. ಅಷ್ಟು ಅರಚುತ್ತಿದ್ದೆನೇ ಎಂದು ನಕ್ಕರು, ನಗುವಿಗೂ ಸದ್ದಿರಲಿಲ್ಲ. ಗ್ರೇಸಿ ಗೆದ್ದವಳಂತೆ ನನ್ನ ಕಡೆ ಬೆರಳು ತೋರಿಸುತ್ತಲೇ ಇದ್ದಳು.

ಮೊನ್ನೆ ಚನ್ನರಾಯಪಟ್ಟಣದಲ್ಲಿ ಹಿರೀಸಾವೆ ಕಡೆಯ ಬಸ್ಸು ಬಂತು. ಮಿಲಿಟರಿಯವನು ಟ್ರಂಕು ಮೇಲಕ್ಕೆ ಹಾಕಿಸಿ, ಕಿಟಕಿಯಿಂದ ಇನ್ನೊಮ್ಮೆ ಯಾರನ್ನೋ ಕೂಗಿ ಹೋದ. ಒಳ್ಳೆಯ ದನಿ. ಕಲಿಯಲು ಎರಡು ನಿಮಿಷ ಸಾಕಿತ್ತು. ಅವನದು ಅವನ ಮನೆಗೇ ಹೋಗಿ ಮುಟ್ಟಲಿ ಎಂದು ಬಿಟ್ಟೆ. ಗೆಳೆಯರು ಇನ್ನೂ ಕಾರಣ ಕೇಳುತ್ತಿದ್ದಾರೆ. ಕಾರಣ ನನ್ನದಲ್ಲ, ಸಾರಕ್ಕನದು. ಆ ಸಂಜೆ ಅವರು ಮಗಳ ಬೆರಳನ್ನು ಮೆಲ್ಲಗೆ ಮಡಿಸಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದ್ದು ಇಷ್ಟು:

“ಬರೀ ದನಿ ಬಂದ ದಿವ್ಸಾನೂ ನಾ ಕಂಡಿವ್ನಿ ಕಣೇ. ಇವತ್ತು ಮನುಷ್ಯರೇ ಬಂದವ್ರೆ. ಕಣ್ ಮುಚ್ಕೋ, ಇನ್ನು ನನ್ ಸರದಿ.”