ಅಕ್ಕಿಹೆಬ್ಬಾಳಿಗೆ ಒಯ್ದ ರಿಪೋರ್ಟು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಕೃಷ್ಣರಾಜಪೇಟೆಯ ಸಣ್ಣ ಖಾಸಗಿ ಲ್ಯಾಬೊಂದರಲ್ಲಿ ಟೆಕ್ನಿಷಿಯನ್ ಆಗಿದ್ದೆ. ಜ್ವರದವರ ರಕ್ತದಲ್ಲಿ ಟೈಫಾಯ್ಡ್ ರೋಗಾಣು ಸಿಕ್ಕರೆ ಅದನ್ನು ತಟ್ಟೆಯಲ್ಲಿ ಬೆಳೆಸಿ, ಮೇಲೆ ಬೇರೆಬೇರೆ ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನು ಇಡುತ್ತಿದ್ದೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ತಿಳಿಯಾದ ವೃತ್ತ ಉಳಿಯುತ್ತಿತ್ತು.

ಒಂದು ಸೋಮವಾರ ಅಕ್ಕಿಹೆಬ್ಬಾಳಿನ ಕಮ್ಮಾರನೊಬ್ಬ ಹೆಂಡತಿಯನ್ನು ಕರೆತಂದ. ಎರಡು ವಾರದಿಂದ ಜ್ವರ. ಅವನ ಹೆಗಲಿಗೊರಗಿ ಕೂತಿದ್ದವಳು ತೋಳು ಚಾಚಿ, "ಬೇಗ ತಕ್ಕಳಿ ಸಾ, ಕೂತ್ಕಳಕ್ಕಾಗ್ತಿಲ್ಲ" ಅಂದಳು.

ರಿಪೋರ್ಟಿಗೆ ಮೂರು ದಿನ ಬೇಕೆಂದೆ.

"ಮೂರ್ ದಿನ್ವಾ? ಅಲ್ಲೀಗಂಟ ಇವ್ಳು ಇಂಗೇ ಸುಡ್ತಾ ಬಿದ್ದಿರ್ಬೇಕಾ ಸಾ?" ಎಂದ ಕಮ್ಮಾರ.

"ರೋಗಾಣು ಬೆಳೀಬೇಕಲ್ಲಪ್ಪ. ಡಾಕ್ಟ್ರು ಕೊಟ್ಟಿರೋ ಕ್ಯಾಪ್ಸೂಲು ನಿಲ್ಲಿಸ್ಬೇಡಿ."

ಗುರುವಾರ ಬೆಳಿಗ್ಗೆ ತಟ್ಟೆ ತೆಗೆದೆ. ಅವಳು ನುಂಗುತ್ತಿದ್ದ ಔಷಧಿಯ ಬಿಲ್ಲೆಗೆ ತಾಗಿಕೊಂಡೇ ರೋಗಾಣು ದಟ್ಟವಾಗಿ ಬೆಳೆದಿತ್ತು. ಹಳೆಯ ಇನ್ನೆರಡು ಔಷಧಿಗೂ ಅದು ಜಗ್ಗಿರಲಿಲ್ಲ. ಹೊಸದಾಗಿ ಬಂದಿದ್ದ ಮಾತ್ರೆಯೊಂದು ಮಾತ್ರ ನಾಟುವಂತಿತ್ತು. ಮಧ್ಯಾಹ್ನವಾದರೂ ಕಮ್ಮಾರ ಬರಲಿಲ್ಲ. ಡಾಕ್ಟರಿಗೆ ರಿಪೋರ್ಟು ತೋರಿಸಿ ಚೀಟಿ ಬರೆಸಿ, ಆ ಮಾತ್ರೆ ಕೊಂಡು ನಾನೇ ಬಸ್ಸು ಹತ್ತಿದೆ.

ಕುಲುಮೆ ತಣ್ಣಗಿತ್ತು. ಜಗಲಿಯಲ್ಲಿದ್ದ ಅವನ ತಾಯಿ ನನ್ನ ಕೈಯ ಪೊಟ್ಟಣವನ್ನೇ ನೋಡುತ್ತಾ, "ನೆನ್ನೆ ಒಟ್ಟೆ ಉಬ್ಬರುಸ್ಕತು ಕಣಪ್ಪ. ಮೈಸೂರ್ಗೆ ಎತ್ಕಂಡೋದ್ರು. ಕರ್ಳು ತೂತಾಗ್ಬುಟ್ಟದೆ ಅಂದ್ರಂತೆ. ಈಗ ಎಣ ತರ್ತಾವ್ರೆ" ಎಂದಳು.

ಹೆಣ ಬರುವವರೆಗೂ ಅಲ್ಲೇ ನಿಂತೆ. ಕಮ್ಮಾರ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಅದೇನ್ ಗೊತ್ತಾಯ್ತು ಸಾ?" ಎಂದಷ್ಟೇ ಕೇಳಿದ.

"ಆ ಕ್ಯಾಪ್ಸೂಲು ಅವ್ರಿಗೆ ನಾಟ್ತಿರ್ಲಿಲ್ಲಪ್ಪ."

ತಲೆಯಾಡಿಸಿ ಒಳಗೆ ಹೋದ.

ಮಾರನೆಯ ದಿನವೇ ಒಂದು ನೋಟ್‌ಬುಕ್ ತೆರೆದೆ. ನಾಗಮಂಗಲ, ಪಾಂಡವಪುರದ ಕಡೆಯಿಂದ ಬಂದ ರಕ್ತವೂ ಸೇರಿದಂತೆ ಪ್ರತಿ ತಟ್ಟೆಯ ವೃತ್ತಗಳನ್ನು ಸ್ಕೇಲಿನಲ್ಲಿ ಅಳೆದು ಬರೆದೆ. ತಿಂಗಳಿಗೊಮ್ಮೆ ಊರಿನ ಡಾಕ್ಟರುಗಳಿಗೆ ತೋರಿಸಿದೆ. ಮೊದಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಹಳೆಯ ಕ್ಯಾಪ್ಸೂಲು ಬಿಟ್ಟು ಹೊಸ ಮಾತ್ರೆ ಬರೆಯತೊಡಗಿದರು. ಎಷ್ಟೋ ಜನ ಉಳಿದರು.

ಆದರೆ ಅದೇ ಮಾತ್ರೆ ಅಂಗಡಿಗಳಲ್ಲಿ ನೆಗಡಿಗೂ ಬಿಡಿಬಿಡಿಯಾಗಿ ಸಿಗುವಂತಾಯಿತು. ಎರಡು ನುಂಗಿ ಮೈ ಹಗುರಾದರೆ ಜನ ಬಿಟ್ಟುಬಿಡುತ್ತಿದ್ದರು. ದಶಕ ಮುಗಿಯುವ ಹೊತ್ತಿಗೆ ಅದರ ವೃತ್ತವೂ ಕಿರಿದಾಗುತ್ತಾ ಬಂತು. ಹಿರಿಯ ಡಾಕ್ಟರೊಬ್ಬರ ಮುಂದೆ ಆ ಪುಟಗಳನ್ನು ಬಿಡಿಸಿಟ್ಟೆ. ಬಹಳ ಹೊತ್ತು ನೋಡಿದರು.

"ಇದೂ ಹೋದ್ರೆ ಇನ್ನೇನ್ ಬರ್ಕೊಡ್ಲಯ್ಯ?"

ಅವರು ಮುಂದಿನ ರೋಗಿಯನ್ನು ಒಳಗೆ ಕರೆದು, ಅದೇ ಮಾತ್ರೆಯನ್ನು ಇನ್ನೂ ಹೆಚ್ಚು ದಿನಕ್ಕೆ ಬರೆದುಕೊಟ್ಟರು.